ದೂರಿನ ಕಿಟಕಿ

"ಹೆಗಲು ಕೊಡಲ್ಲ ಅಂದ್ರೆ ಕೊಡಲ್ಲ! ಎಷ್ಟು ಸಲ ಹೇಳ್ಲಿ ನಿಂಗೆ?"

"ಮೆತ್ತಗೆ ಮಾತಾಡೋ, ಜನ ಇದಾರೆ," ಎಂದಳು ಅಕ್ಕ. ಅಡುಗೆಮನೆಯ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದಿದ್ದಳು. ಆಚೆ ಹಜಾರದಲ್ಲಿ ಅಪ್ಪನ ಹೆಣವಿತ್ತು.

"ಅವರೊಬ್ರು ಮೆತ್ತಗಿದ್ದಿದ್ದು ಸಾಲ್ದಾ? ಗಡಿಯಾರ ಕದ್ದ ಕಳ್ಳ ಅಂತ ನನ್ನ ಕತ್ತು ಹಿಡಿದು ಸ್ಕೂಲಿಂದ ಆಚೆ ತಳ್ಳಿದ್ರಲ್ಲ, ಆಗ ಏನ್ ಮಾಡಿದ್ರು ನಿಮ್ಮಪ್ಪ? ಕೈ ಕಟ್ಕೊಂಡು 'ಆಗಲಿ ಸರ್' ಅಂದ್ರು. ಮೂರು ದಿನಕ್ಕೆ ಆ ಗಡಿಯಾರ ಹೆಡ್‌ಮೇಷ್ಟ್ರ ಮನೇಲೇ ಸಿಕ್ತು. ಆಗ್ಲೂ 'ಆಗಲಿ ಸರ್'!"

"ಅದಾಗಿ ಇಪ್ಪತ್ತೆಂಟು ವರ್ಷ ಆಯ್ತು ಮಹರಾಯ."

"ನಂಗೆ ನಿನ್ನೆ ಆದಂಗಿದೆ."

ಅಕ್ಕನಿಗೆ ತಮ್ಮನ ಕಪಾಳಕ್ಕೊಂದು ಬಿಡಬೇಕೆನಿಸಿತು. ನಲವತ್ತು ದಾಟಿದ ಗಂಡಸು, ಸತ್ತವರ ಮೇಲೆ ಹಗೆ ಸಾಧಿಸುತ್ತಿದ್ದಾನೆ. ಆದರೆ ಇವನನ್ನು ಬಿಟ್ಟು ಅಪ್ಪನನ್ನು ಎತ್ತಿದರೆ ತಾನು ಈ ಮನೆಯಲ್ಲಿ ಉಸಿರಾಡುವುದು ಹೇಗೆ? ಅಪ್ಪ ಅವತ್ತು ಯಾಕೆ ಬಾಯಿ ಬಿಡಲಿಲ್ಲವೆಂದು ಅವಳೂ ಎಷ್ಟೋ ಸಲ ಕೇಳಿಕೊಂಡಿದ್ದಳು. ಅದೇ ಹಾಳು ಸಂಕಟ.

*

ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಅಪ್ಪ ಕೂತದ್ದು ಮೂವತ್ತೊಂದು ವರ್ಷ. ನಲ್ಲಿ ಒಣಗಿದವರು, ನಲ್ಲಿಯಲ್ಲಿ ಕೊಳಚೆ ಬಂದವರು ಎಲ್ಲರೂ ಅವರ ಮೇಲೆಯೇ ಹರಿಹಾಯುತ್ತಿದ್ದರು. ಒಮ್ಮೆ ಊಟದ ಡಬ್ಬಿ ಕೊಡಲು ಹೋದಾಗ ಅಕ್ಕ ಕಣ್ಣಾರೆ ನೋಡಿದ್ದಳು. ಹೆಂಗಸೊಬ್ಬಳು ಬಾಟಲಿಯಲ್ಲಿ ತಂದಿದ್ದ ಕೆಸರು ನೀರನ್ನು ಕಿಟಕಿಯ ಸರಳುಗಳ ನಡುವಿನಿಂದ ಅಪ್ಪನ ಮುಖಕ್ಕೇ ಎರಚಿದಳು. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಮನೆ ನಂಬರ್ ಹೇಳಮ್ಮ, ಬರ್ಕೋತೀನಿ."

ಒಂದಕ್ಷರವೂ ಸೊಟ್ಟಗಾಗಲಿಲ್ಲ. ಮನೆಯಲ್ಲೂ ಹಾಗೆಯೇ. ಅಡುಗೆಗೆ ಉಪ್ಪು ಹೆಚ್ಚಾದರೂ 'ಆಗಲಿ', ಹಾಲು ಉಕ್ಕಿ ಒಲೆ ಆರಿದರೂ 'ಆಗಲಿ'. "ನಿಮ್ಮಪ್ಪನ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ನಲ್ಲಿನೀರು," ಎಂದು ಅಮ್ಮ ಇದ್ದಾಗ ನಗುತ್ತಿದ್ದಳು.

*

ಬಾಗಿಲನ್ನು ದಬದಬ ತಟ್ಟಿದ್ದು ಪಂಪಿನ ತಾತ. ಅದೇ ಕಚೇರಿಯ ನೆಲಮಾಳಿಗೆಯಲ್ಲಿ ಪಂಪು ನೋಡಿಕೊಳ್ಳುತ್ತಾ ಕಿವಿ ಕಳೆದುಕೊಂಡವನು.

"ನಂಗೇ ಕೇಳಿಸ್ತು ಅಂದ್ರೆ ಬೀದಿಗೆಲ್ಲ ಕೇಳ್ಸಿರುತ್ತೆ," ಎಂದು ಒಳಬಂದ. "ನಿಮ್ಮಪ್ಪಂಗೆ ಕೋಪ ಬರ್ತಿರ್ಲಿಲ್ವಾ? ದಿನಾ ನಾಲ್ಕು ಗಂಟೆಗೆ ಕೆಳಗೆ ಬಂದು ಪಂಪಿನ ಮುಂದೆ ನಿಂತು ಬೈತಿದ್ದ. ಎಂಥೆಂಥಾ ಬೈಗುಳ ಅಂತೀಯ! ಆ ಗದ್ದಲದಲ್ಲಿ ಮೇಲಿದ್ದ ಯಾರಿಗೂ ಕೇಳ್ತಿರ್ಲಿಲ್ಲ. ಮುಖ ತೊಳ್ಕೊಂಡು ಮೇಲೆ ಹೋಗೋನು. ನಿನ್ನನ್ನ ಸ್ಕೂಲಿಂದ ತಳ್ಳಿದ ದಿನ ನಡುವೆ ಕರೆಂಟ್ ಹೋಯ್ತು. ಪಂಪು ನಿಲ್ತು. ಇವನು ನಿಲ್ಲಿಸ್ಲಿಲ್ಲ."

"ಏನಂತ ಬೈದ್ರು?" ತಮ್ಮನ ದನಿ ಇಳಿದಿತ್ತು.

"ಹಾಂ?"

"ಏನಂತ ಬೈದ್ರು ತಾತ?"

"ಅವತ್ತು ಬೈಲಿಲ್ಲ ಕಣೋ. 'ನನ್ನ ಮಗ ಕದ್ದಿಲ್ಲ' ಅಂತ, ಅಷ್ಟೇ. ಗಂಟಲು ಹರಿಯೋ ಹಾಗೆ, ಮತ್ತೆ ಮತ್ತೆ. ಸಾಹೇಬರ ತನಕ ಎಲ್ರಿಗೂ ಕೇಳಿಸ್ತು. ಮೇಲೆ ಹೋದಾಗ ಒಬ್ರೂ ತಲೆ ಎತ್ಲಿಲ್ಲ. ಸಾಲಲ್ಲಿ ನಿಂತಿದ್ದವರೂ ಅವತ್ತು ಬಾಯಿ ಮಾಡ್ಲಿಲ್ಲ."

"ಹೆಡ್‌ಮೇಷ್ಟ್ರ ಮುಂದೆ ಹೇಳೋಕೇನಾಗಿತ್ತು?"

"ನಾನೂ ಕೇಳ್ದೆ. 'ಬಾಯಿ ಬಿಟ್ಟಿದ್ರೆ ಕೈಯೂ ಎತ್ತಿಬಿಡ್ತಿದ್ದೆ, ಆಮೇಲೆ ಮಗನ್ನ ಯಾವ ಸ್ಕೂಲಿನವರು ಸೇರಿಸ್ಕೊಳ್ತಾರೆ' ಅಂದ."

ತಮ್ಮ ಅಕ್ಕನ ತೋಳು ಹಿಡಿದು ಬಾಗಿಲಿಂದ ಪಕ್ಕಕ್ಕೆ ಸರಿಸಿ ಹಜಾರಕ್ಕೆ ಹೋದ.

ಚಟ್ಟದ ಮುಂದಿನ ಹೆಗಲು ಅವನದಾಯಿತು. ಉಳಿದ ಮೂವರಿಗಿಂತ ಅವನು ಗೇಣುದ್ದ ಎತ್ತರ. ಎತ್ತಿದೊಡನೆ ಅಪ್ಪನ ತಲೆ ಒಂದು ಪಕ್ಕಕ್ಕೆ ವಾಲಿತು.

"ನೀನು ಬಿಡಪ್ಪ, ಸಮ ಬರಲ್ಲ," ಎಂದರು ಯಾರೋ.

ಅವನು ಮಂಡಿ ಮಡಚಿ ತಗ್ಗಿದ. ಅಪ್ಪ ಸಮವಾದರು. ಹಾಗೆಯೇ ಹೊಸಿಲು ದಾಟಿದ. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ನೋಡುತ್ತಿದ್ದಳು. ಅವನ ತೊಡೆಗಳು ನಡುಗುತ್ತಿದ್ದವು. ಅವನು ಒಮ್ಮೆಯೂ ನೆಟ್ಟಗಾಗಲಿಲ್ಲ.