ಒಂದೂ ತಪ್ಪದ ಮೂವತ್ತು ಉಪವಾಸ

ರಂಜಾನ್ ಹಬ್ಬ ಕಳೆದು ಎರಡನೇ ವಾರ. ಕರಂಗ್‌ದುವೂರು ಎಂಬ ಹಳ್ಳಿಯ ಹೆಂಗಸರು ಬೆಳಿಗ್ಗೆ ತರಕಾರಿ ಗಾಡಿಯ ಸುತ್ತ ನಿಂತು, ಯಾರ್ಯಾರಿಗೆ ಎಷ್ಟು ಉಪವಾಸ ಉಳಿದಿದೆ ಎಂದು ಹೇಳಿಕೊಳ್ಳುತ್ತಿದ್ದರು. ಮುಟ್ಟಾದ ದಿನಗಳಲ್ಲಿ ಉಪವಾಸ ಹಿಡಿಯುವಂತಿಲ್ಲ. ತಪ್ಪಿದ ದಿನಗಳನ್ನು ಹಬ್ಬದ ನಂತರ ಪೂರೈಸಬೇಕು. ಒಬ್ಬಳಿಗೆ ಆರು ಉಳಿದಿತ್ತು, ಇನ್ನೊಬ್ಬಳಿಗೆ ಏಳು. ರುಸ್ಮಿನಿ ಬದನೆಕಾಯಿ ಆರಿಸುತ್ತಲೇ, ತನ್ನ ಮಗಳು ವೆನಿಂಗ್ ಒಂದು ದಿನವೂ ಬಿಡದೆ ಮೂವತ್ತೂ ಹಿಡಿದಳೆಂದು ಹೆಮ್ಮೆಯಿಂದ ಹೇಳಿದಳು.

ಮುದುಕಿ ಕಸ್ಮಿ ಹುಬ್ಬೇರಿಸಿದಳು.

"ಹತ್ತೊಂಬತ್ತರ ಹುಡುಗಿ ಮೂವತ್ತೂ ಹಿಡಿದ್ಲಾ? ನಮ್ಮ ಕಾಲದಲ್ಲಿ ಹಂಗೆ ಹಿಡೀತಿದ್ದೋರು ಎರಡೇ ಜಾತಿ ಕಣಮ್ಮ. ನನ್ನಂಥ ಮುದುಕೀರು, ಇಲ್ಲಾ ಬಸುರೀರು."

ರುಸ್ಮಿನಿ ಬದನೆಕಾಯಿಯನ್ನು ಗಾಡಿಯ ಮೇಲೇ ಬಿಟ್ಟು ಮನೆಗೆ ಬಂದಳು.

ಅವಳು ಮೊದಲೇ ಸುಲಭಕ್ಕೆ ನಂಬುವವಳಲ್ಲ. ಮೊಟ್ಟೆ ಕೊಂಡರೆ ನೀರಿನಲ್ಲಿ ತೇಲಿಸಿ ನೋಡುತ್ತಾಳೆ. ಸಮುದ್ರದಾಚೆಯ ಕಾಲಿಮಂತಾನಿನಲ್ಲಿ ಮರದ ಕೆಲಸಕ್ಕಿರುವ ಗಂಡ ಒಂದು ಸಂಜೆ ಫೋನ್ ಎತ್ತದಿದ್ದರೆ ಮರುದಿನ ನಾಲ್ಕು ಕಡೆಯಿಂದ ವಿಚಾರಿಸುತ್ತಾಳೆ. ಅಂಥವಳ ಅನುಮಾನ ಈಗ ಮಗಳ ಮೇಲೆ ತಿರುಗಿತು. ಆ ಊರಿನಲ್ಲಿ ಬಳಸಿದ ಪ್ಯಾಡನ್ನು ತೊಳೆದು, ಸುತ್ತಿ, ಆಮೇಲೆ ಎಸೆಯುವುದು ರೂಢಿ. ವೆನಿಂಗ್ ಬಚ್ಚಲಲ್ಲಿ ಹಾಗೆ ತೊಳೆದದ್ದನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ನೆನೆದಳು. ಹಬ್ಬಕ್ಕೂ ಮೂರು ತಿಂಗಳು ಮುಂಚೆ. ಅಂದರೆ ಮೂರು ತಿಂಗಳ ಮೇಲಾಯಿತು.

ಆಮೇಲೆ ಕಂಡದ್ದೆಲ್ಲ ಅದಕ್ಕೇ ಹೊಂದಿಕೊಂಡಿತು. ಹುಡುಗಿ ದೊಗಲೆ ಅಂಗಿ ಹಾಕುತ್ತಾಳೆ. ಬೆಳಿಗ್ಗೆ ಎದ್ದರೆ ತಲೆ ಸುತ್ತುತ್ತದೆ ಎನ್ನುತ್ತಾಳೆ. ತಟ್ಟೆ ಮುಂದಿಟ್ಟರೆ ಫ್ಯಾಕ್ಟರಿಯಲ್ಲೇ ತಿಂದು ಬಂದೆ ಎನ್ನುತ್ತಾಳೆ. ವೆನಿಂಗ್ ಕೆಲಸ ಮಾಡುತ್ತಿದ್ದುದು ಪುರ್ಬಲಿಂಗ ಪಟ್ಟಣದ ಕೃತಕ ರೆಪ್ಪೆಗೂದಲಿನ ಫ್ಯಾಕ್ಟರಿಯಲ್ಲಿ. ದಿನವಿಡೀ ಬಗ್ಗಿ ಕೂತು ದಾರಕ್ಕೆ ಒಂದೊಂದೇ ಕೂದಲು ಗಂಟು ಹಾಕುವ ಕೆಲಸ. ಸಂಜೆ ಯಾರದೋ ಸ್ಕೂಟರಿನಲ್ಲಿ ಬಂದು ಓಣಿಯ ತಿರುವಿನಲ್ಲೇ ಇಳಿದುಬಿಡುತ್ತಿದ್ದಳು. ಮನೆಯ ತನಕ ಯಾಕೆ ಬರುವುದಿಲ್ಲ? ಎರಡು ಸಂಜೆ ರುಸ್ಮಿನಿ ಬಾಳೆಗಿಡದ ಮರೆಯಲ್ಲಿ ಸೊಳ್ಳೆ ಕಡಿಸಿಕೊಂಡು ಕಾದಳು. ಹೆಲ್ಮೆಟ್ ತೆಗೆದಾಗ ಕಂಡದ್ದು ಲಿಸ್ತಿ, ಅದೇ ಫ್ಯಾಕ್ಟರಿಯ ನಲವತ್ತರ ಹೆಂಗಸು. ಬೇರೆಯವಳಾಗಿದ್ದರೆ ಅಲ್ಲಿಗೆ ಸಮಾಧಾನವಾಗುತ್ತಿತ್ತು. ರುಸ್ಮಿನಿ, ಈ ಲಿಸ್ತಿಗೆ ಒಬ್ಬ ತಮ್ಮ ಇರಬೇಕು ಎಂದುಕೊಂಡು ಮನೆಗೆ ನಡೆದಳು.

ಮಗಳನ್ನು ಮಾತ್ರ ಅವಳು ಏನೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾಳು ಎಂಬ ಭಯ.

ಜಾಮು ಮಾರುವ ಸಾಕಿನೆಂ ದಿನವೂ ಬೆಳಿಗ್ಗೆ ಆ ಓಣಿಗೆ ಬರುತ್ತಾಳೆ. ಬೇರು, ಎಲೆ ಅರೆದು ಮಾಡಿದ ಜಾಮು ಕಷಾಯದ ಶೀಶೆಗಳನ್ನು ಬುಟ್ಟಿಯಲ್ಲಿಟ್ಟು, ಬೆನ್ನಿಗೆ ಬಟ್ಟೆಯಿಂದ ಬಿಗಿದುಕೊಂಡು ಮೂವತ್ತು ವರ್ಷದಿಂದ ತಿರುಗುತ್ತಿರುವ ಹೆಂಗಸು. ರುಸ್ಮಿನಿ ಅವಳನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಮುಟ್ಟು ತರಿಸುವ ಗಟ್ಟಿ ಜಾಮು ಬೇಕೆಂದಳು. ಯಾರಿಗೆ ಎಂದು ಸಾಕಿನೆಂ ಕೇಳಿದಳು. ನನಗೇ ಎಂದಳು ರುಸ್ಮಿನಿ.

"ನಿನಗೆ ನಿಂತು ಎರಡು ವರ್ಷ ಆಯ್ತಲ್ಲ ರುಸ್ಮಿನಿ. ನನ್ ಹತ್ರ ಯಾಕೆ ಸುಳ್ಳು" ಎಂದಳು ಸಾಕಿನೆಂ. "ಹೊಟ್ಟೇಲಿ ಏನೈತೆ ಅಂತ ಗೊತ್ತಾಗದೆ ಯಾರಿಗೂ ಅಂಥದ್ದು ಕೊಡಲ್ಲ ನಾನು. ಹಂಗೆ ಕುಡಿದು ನನ್ನ ತಂಗಿ ನೆತ್ತರು ನಿಲ್ದೆ ಆಸ್ಪತ್ರೆ ಸೇರಿದ್ಲು. ಜೀವ ಉಳೀತು, ಮಕ್ಕಳಾಗ್ಲಿಲ್ಲ. ಅರಿಶಿನ ಹುಣಸೆ ಜಾಮು ಕೊಡ್ತೀನಿ, ಮುಟ್ಟಿನ ಹೊಟ್ಟೆನೋವಿಗೆ ಹಿತ. ಆದ್ರೆ ನಿಂತ ಮುಟ್ಟನ್ನ ಅದು ತರೋದಿಲ್ಲ. ವೆನಿಂಗನ್ನ ಕರ್ಕೊಂಡು ನರ್ಸ್ ಉತಾರಿ ಹತ್ರ ಹೋಗು."

ತನ್ನ ಕಷಾಯದಿಂದ ಆಗುವುದಿಲ್ಲ ಎಂದು ಮಾರುವವಳೇ ಹೇಳುತ್ತಾಳೆಂದರೆ ರುಸ್ಮಿನಿಗೆ ನಂಬಿಕೆಯಾಗಲಿಲ್ಲ. ನರ್ಸಿಗೂ ಇವಳಿಗೂ ಏನೋ ಒಳಒಪ್ಪಂದ ಇದೆ, ಗಿರಾಕಿ ಕಳಿಸಿದರೆ ಇವಳಿಗೆ ಏನೋ ಸಿಗುತ್ತದೆ ಎಂದುಕೊಂಡಳು. ಉತಾರಿಯ ಬಾಗಿಲಲ್ಲಿ ಮಗಳ ಜೊತೆ ನಿಂತರೆ ಮಧ್ಯಾಹ್ನದೊಳಗೆ ಕಸ್ಮಿಗೆ ಸುದ್ದಿ ಮುಟ್ಟುತ್ತದೆ ಎಂಬುದೂ ಇತ್ತು.

ಮರುದಿನ ಯಾರೂ ಗುರುತಿಲ್ಲದ ದೂರದ ಸಂತೆಗೆ ಹೋಗಿ ಒಂದು ಪುಡಿಯ ಪೊಟ್ಟಣ ತಂದಳು. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ. ಯಾರು ಮಾಡಿದ್ದು, ಒಳಗೇನಿದೆ ಎಂದು ಒಂದು ಅಕ್ಷರವೂ ಇಲ್ಲ. ಒಂದೇ ದಿನದಲ್ಲಿ ಇಳಿಸುತ್ತದೆ ಎಂದಿದ್ದ ಮಾರಿದವನು. ಮೊಟ್ಟೆಯನ್ನೂ ಪರೀಕ್ಷಿಸಿ ತರುವ ರುಸ್ಮಿನಿ ಅವನನ್ನು ಎರಡನೇ ಪ್ರಶ್ನೆ ಕೇಳಲಿಲ್ಲ. ಸಾಕಿನೆಂ ಕೊಟ್ಟಿದ್ದ ಅರಿಶಿನ ಹುಣಸೆಯ ಜಾಮುವಿಗೆ ಆ ಪುಡಿ ಕದಡಿ, ತಾಳೆಬೆಲ್ಲ ಹೆಚ್ಚಿಗೆ ಹಾಕಿ, ಭಾನುವಾರ ಬೆಳಿಗ್ಗೆ ಮಗಳ ಕೈಗೆ ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ವೆನಿಂಗ್ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ನಾಲ್ಕು ಸಲ ವಾಂತಿಯಾಯಿತು, ಮುಖ ಸುಣ್ಣದಂತಾಯಿತು. ಮುಟ್ಟು ಮಾತ್ರ ಬರಲಿಲ್ಲ. ನೀರು ಕುಡಿಯಲು ಎದ್ದವಳಿಗೆ ಬೆಳಗಿನ ಲೋಟ ಹಾಗೇ ಕಂಡಿತು. ತಳದಲ್ಲಿ ಕಂದು ಬಣ್ಣದ ಗಸಿ ಬೆರಳು ದಪ್ಪ ಕೂತಿತ್ತು. ಅರಿಶಿನದ ಗಸಿ ಹಾಗಿರುವುದಿಲ್ಲ.

"ಅಮ್ಮ, ಇದ್ರಲ್ಲಿ ಏನ್ ಹಾಕಿದ್ದೆ?"

"ನಿನ್ನ ಹೊಟ್ಟೇಲಿರೋದು ಯಾರದು? ಮೊದ್ಲು ಅದನ್ನ ಹೇಳು."

ವೆನಿಂಗ್ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳ್ಲಿಲ್ಲ, ಕುಡಿಸ್ದೆ."

ಅಂದಿನಿಂದ ಅವಳು ತಾಯಿಯ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ತಟ್ಟೆ ಇಟ್ಟರೆ ಮುಟ್ಟುತ್ತಿರಲಿಲ್ಲ. ತನ್ನ ಪಾಲಿನ ನೂಡಲ್ಸನ್ನು ತಾನೇ ಬೇಯಿಸಿ ಎರಡು ತುತ್ತು ತಿನ್ನುತ್ತಿದ್ದಳು. ಮಡಕೆಯ ನೀರನ್ನೂ ಬಿಟ್ಟು ಅಂಗಡಿಯ ಬಾಟಲಿ ತಂದಿಟ್ಟುಕೊಂಡಳು. ಅನುಮಾನ ಎಂದರೇನೆಂದು ರುಸ್ಮಿನಿಗೆ ಆಗ ಇನ್ನೊಂದು ಕಡೆಯಿಂದ ಗೊತ್ತಾಯಿತು. ತಾನು ಮಾಡಿದ ಸಾರನ್ನು ಹುಡುಗಿ ಮೂಗಿನ ಹತ್ತಿರ ಹಿಡಿದು, ಮೂಸಿ, ಹಿಂದಿಡುವುದನ್ನು ನೋಡುವಾಗ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಆದರೂ ಬಾಯಿಬಿಟ್ಟು ತಪ್ಪಾಯಿತೆಂದು ಹೇಳಲಿಲ್ಲ. ಬಸುರಿಯಲ್ಲ ಎಂದೂ ಇವಳು ಹೇಳಲಿಲ್ಲವಲ್ಲ, ಹಾಗಾದರೆ ನಿಜವೇ ಇರಬೇಕು ಎಂದು ಒಳಗೇ ಲೆಕ್ಕ ಹಾಕುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ವೆನಿಂಗ್ ಅಂಗಳದಲ್ಲೇ ಕುಸಿದಳು. ಓಣಿಯಲ್ಲಿ ಬರುತ್ತಿದ್ದ ಸಾಕಿನೆಂ ಬುಟ್ಟಿ ಇಳಿಸಿ ಓಡಿಬಂದು, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಗದರಲಿಲ್ಲ. ನಡಿ ಉತಾರಿ ಹತ್ರ, ಕಸ್ಮಿ ನೋಡಿದ್ರೆ ನೋಡ್ಲಿ ಎಂದಷ್ಟೇ ಹೇಳಿದಳು.

ಹೆರಿಗೆ ನರ್ಸ್ ಉತಾರಿ ಮೊದಲು ಮಾಡಿದ ಕೆಲಸ ರುಸ್ಮಿನಿಯನ್ನು ಹೊರಗೆ ಕಳಿಸಿದ್ದು. ಹುಡುಗಿಯ ಹತ್ತಿರ ಒಬ್ಬಳೇ ಮಾತಾಡಬೇಕು, ಅವಳು ಹೇಳಿದ್ದು ಅವಳ ಒಪ್ಪಿಗೆ ಇಲ್ಲದೆ ಈ ಕೋಣೆ ದಾಟುವುದಿಲ್ಲ ಎಂದಳು. ರುಸ್ಮಿನಿ ಬಾಗಿಲಿಗೆ ಕಿವಿ ಕೊಟ್ಟು ನಿಂತಳು. ಏನೂ ಕೇಳಿಸಲಿಲ್ಲ. ಇಷ್ಟು ಮೆಲ್ಲಗೆ ಮಾತಾಡುವುದೆಂದರೆ ಒಳ್ಳೆಯ ವಿಷಯ ಇರಲಾರದು ಎನ್ನಿಸಿತು.

ಒಳಗೆ ಕರೆದಾಗ ಮೇಜಿನ ಮೇಲೆ ಬಸಿರು ಪರೀಕ್ಷೆಯ ಪಟ್ಟಿ ಇತ್ತು. ಒಂದೇ ಗೆರೆ. ಬಸುರಿಯಲ್ಲ ಎಂದಳು ಉತಾರಿ. ರುಸ್ಮಿನಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಇದು ಬೇರೆ ಯಾರದೋ ಇರಬಹುದಲ್ಲ ಎಂದಳು. ಉತಾರಿ ಬೇಸರಪಡದೆ ಇನ್ನೊಂದು ಪಟ್ಟಿ ಒಡೆದು ಅವಳ ಕಣ್ಣೆದುರಿಗೇ ಅದ್ದಿದಳು. ಮತ್ತೆ ಒಂದೇ ಗೆರೆ.

ಆಗ ವೆನಿಂಗ್ ತಾನಾಗಿಯೇ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಸಣ್ಣಗಾಗುವ ಮಾತ್ರೆ. ಲಿಸ್ತಿ ಫ್ಯಾಕ್ಟರಿಯ ಹುಡುಗಿಯರಿಗೆಲ್ಲ ಮಾರುತ್ತಿದ್ದಳಂತೆ. ಬರೀ ಎಲೆ ಬೇರು, ಏನೂ ಆಗಲ್ಲ ಎಂದು ಹೇಳಿದ್ದಳಂತೆ. ಚಿಕ್ಕಪ್ಪನ ಮಗಳ ಮದುವೆಗೆ ಹುಡುಗಿಯರಿಗೆಲ್ಲ ಒಂದೇ ಥರದ ರವಿಕೆ ಹೊಲಿಸಿದ್ದರು. ಅಳತೆಗೆ ಹಾಕಿ ನೋಡಿದಾಗ ಇವಳದು ಬಿಗಿಯಾಗಿ, ಎಲ್ಲರೂ ನಕ್ಕಿದ್ದರು. ಅಂದಿನಿಂದ ದಿನಕ್ಕೆರಡು ಮಾತ್ರೆ, ಊಟ ಅರ್ಧ. ಉಪವಾಸದ ತಿಂಗಳಲ್ಲಿ ಸಂಜೆ ಉಪವಾಸ ಮುರಿದಾಗಲೂ ಎರಡು ಖರ್ಜೂರ, ಒಂದು ಲೋಟ ಚಹಾ. ನಾಲ್ಕು ತಿಂಗಳಲ್ಲಿ ಐವತ್ತು ಕೆ.ಜಿ.ಯವಳು ನಲವತ್ತೆರಡಕ್ಕೆ ಇಳಿದಿದ್ದಳು. ಎದೆ ಡವಡವ ಎನ್ನುತ್ತಿತ್ತು, ನಿದ್ದೆ ಇರಲಿಲ್ಲ. ದೊಗಲೆ ಅಂಗಿ ಹಾಕುತ್ತಿದ್ದುದು ಹೊಟ್ಟೆ ಮುಚ್ಚಲು ಅಲ್ಲ, ಮೂಳೆ ಕಾಣದಿರಲೆಂದು.

ಉತಾರಿ ಡಬ್ಬಿಯನ್ನು ಸುತ್ತ ತಿರುಗಿಸಿ ನೋಡಿದಳು. ಸರ್ಕಾರದ ನೋಂದಣಿ ಸಂಖ್ಯೆ ಇರಲಿಲ್ಲ. ರುಸ್ಮಿನಿ ತಾನು ತಂದ ಪುಡಿಯ ಪೊಟ್ಟಣವನ್ನೂ ಸೊಂಟದಿಂದ ತೆಗೆದು, ಯಾರ ಮುಖವನ್ನೂ ನೋಡದೆ ಅದರ ಪಕ್ಕಕ್ಕಿಟ್ಟಳು. ಎರಡರ ಮೇಲೂ ಒಂದೇ ಥರದ ಹಸಿರು ಎಲೆ.

"ಎಲೆ ಚಿತ್ರ ಯಾರು ಬೇಕಾದ್ರೂ ಅಚ್ಚು ಹಾಕಿಸ್ಬಹುದು ತಾಯಿ" ಎಂದಳು ಉತಾರಿ. "ಒಳಗೆ ಏನು ಬೆರೆಸಿದ್ದಾರೋ ನನಗೂ ಗೊತ್ತಿಲ್ಲ, ಮಾರಿದೋನಿಗೂ ಗೊತ್ತಿರಲ್ಲ. ನಿಮ್ಮ ಮಗಳು ನಿಜಕ್ಕೂ ಬಸುರಿಯಾಗಿದ್ದು ಈ ಪುಡಿ ಕುಡಿದಿದ್ರೆ, ಇವತ್ತು ಇಬ್ಬರೂ ನನ್ನ ಮುಂದೆ ಕೂತಿರ್ತಿರಲಿಲ್ಲವೋ ಏನೋ."

ಒಡಲಿಗೆ ಅನ್ನ ಸಾಲದಾದಾಗ ದೇಹ ಮೊದಲು ಜೀವ ಉಳಿಸಿಕೊಳ್ಳಲು ನೋಡುತ್ತದೆ, ಮುಟ್ಟನ್ನು ನಿಲ್ಲಿಸಿಬಿಡುತ್ತದೆ ಎಂದು ಅವಳು ವಿವರಿಸಿದಳು. ಒಮ್ಮೆಲೇ ತೂಕ ಇಳಿದರೂ ಹೀಗಾಗುತ್ತದೆ, ತೂಕ ಮಿತಿಮೀರಿದರೂ ಆಗುತ್ತದೆ. ಚಿಂತೆ, ನಿದ್ದೆಗೇಡು, ಥೈರಾಯ್ಡ್, ಅಂಡಾಶಯದ ತೊಂದರೆ, ಹೀಗೆ ಕಾರಣ ಹತ್ತಾರು. ಅದಕ್ಕೇ ಕಾರಣ ಹುಡುಕದೆ ಮದ್ದು ಹುಡುಕಬಾರದು. ರಕ್ತಪರೀಕ್ಷೆಗೆ ದೊಡ್ಡ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದಳು. ಮಾತ್ರೆಯನ್ನು ಅಂದೇ ನಿಲ್ಲಿಸಬೇಕು. ಮೂರು ಹೊತ್ತು ಅನ್ನ, ಜೊತೆಗೆ ಮೊಟ್ಟೆಯೋ ಮೀನೋ ಹುದುಗಿಸಿದ ಸೋಯಾ ತೆಂಪೆಯೋ, ಮರಗೆಣಸಿನ ಸೊಪ್ಪು, ಹಣ್ಣು. ಹೊತ್ತಿಗೆ ಸರಿಯಾಗಿ ನಿದ್ದೆ. ಬಗ್ಗಿ ಕೂತು ಮಾಡುವ ಕೆಲಸದ ನಡುವೆ ಎದ್ದು ಓಡಾಡುವುದು. ಮುಟ್ಟಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು.

ರುಸ್ಮಿನಿಗೆ ಇಷ್ಟು ಸುಲಭವೆಂದರೆ ಅನುಮಾನ.

"ಅನ್ನ ತಿನ್ನು, ನಿದ್ದೆ ಮಾಡು ಅನ್ನೋಕೆ ನರ್ಸ್ ಬೇಕಾ? ಔಷಧಿ ಏನೂ ಇಲ್ವಾ?"

"ನರ್ಸ್ ಬೇಡ. ಆದ್ರೆ ನಾಲ್ಕು ತಿಂಗಳಿಂದ ಇವಳು ಉಣ್ತಿಲ್ಲ ಅನ್ನೋದು ನಿಮ್ಮನೇಲಿ ಯಾರಿಗೂ ಕಾಣ್ಲಿಲ್ವಲ್ಲ."

ಬಚ್ಚಲಲ್ಲಿ ಪ್ಯಾಡ್ ಇಲ್ಲದ್ದು ರುಸ್ಮಿನಿಗೆ ಕಂಡಿತ್ತು. ತಟ್ಟೆಯಲ್ಲಿ ಅನ್ನ ಉಳಿದದ್ದೂ ಕಂಡಿತ್ತು. ಆದರೆ ಅದಕ್ಕೆ ತನಗೆ ತೋಚಿದ ಅರ್ಥ ಕಟ್ಟಿಕೊಂಡಿದ್ದಳು.

ಮನೆಗೆ ಬಂದು ಅವಳು ಅನ್ನ ಮಾಡಿ, ಮೊಟ್ಟೆ ಹುರಿದು, ತಟ್ಟೆಯನ್ನು ಮಗಳ ಮುಂದಿಟ್ಟಳು. ವೆನಿಂಗ್ ಕೈ ಚಾಚಲಿಲ್ಲ. ರುಸ್ಮಿನಿ ಎದುರಿಗೆ ಕೂತಳು.

"ನಿನ್ನ ಬಾಯಿಗೆ ಹೋಗೋದ್ರಲ್ಲಿ ಮೋಸ ಮಾಡ್ದೆ ಮಗಳೇ. ತಾಯಿ ಮಾಡೋ ಕೆಲ್ಸ ಅಲ್ಲ ಅದು. ನಿನ್ನ ಕೇಳೋಕೆ ನಂಗೆ ಧೈರ್ಯ ಇರ್ಲಿಲ್ಲ."

ವೆನಿಂಗ್ ಅಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಉಪ್ಪು ಕಮ್ಮಿ ಆಗಿದೆ ಎಂದಳು. ಅಂದರೆ ರುಚಿ ನೋಡಿದ್ದಳು.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ರಕ್ತ ಕಡಿಮೆ ಇತ್ತು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮೊದಲ ತಿಂಗಳು ಏನೂ ಆಗಲಿಲ್ಲ. ರುಸ್ಮಿನಿ ದಿನವೂ ಬೆಳಿಗ್ಗೆ ಸಾಕಿನೆಂ ಮುಂದೆ, ಆ ನರ್ಸಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಎಂದು ಗೊಣಗಿದಳು. ಮದುವೆಗೆ ವೆನಿಂಗ್, ತೂಕ ಏರುತ್ತಿದೆಯೆಂದು ಮುಂಚೆಯೇ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿದ ರವಿಕೆ ತೊಟ್ಟು ಹೋದಳು. ಮೂರನೇ ತಿಂಗಳು, ತೂಕ ನಲವತ್ತೇಳಕ್ಕೆ ಬಂದ ವಾರ, ಮುಟ್ಟಾದಳು. ಮುಂದಿನದು ಮೂವತ್ತೆಂಟು ದಿನಕ್ಕೆ ಬಂತು, ಅದರ ಮುಂದಿನದು ಮೂವತ್ತೊಂದಕ್ಕೆ. ಗುರುತು ಹಾಕುವ ಕ್ಯಾಲೆಂಡರು ವೆನಿಂಗಳ ಕೋಣೆಯಲ್ಲಿದೆ. ರುಸ್ಮಿನಿಗೆ ಗೊತ್ತಾಗಬೇಕಿದ್ದರೆ ಈಗ ಮಗಳನ್ನೇ ಕೇಳುತ್ತಾಳೆ.

ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಮುಟ್ಟು ನಾಲ್ಕು ದಿನ ಹಿಂದೆಮುಂದೆ ಆದರೆ ಗಾಬರಿ ಬೇಡ. ಹೊಸದಾಗಿ ಮೈನೆರೆದ ಹುಡುಗಿಯರಿಗೆ ಮೊದಲ ಒಂದೆರಡು ವರ್ಷ ಏರುಪೇರು ಇರುತ್ತದೆ. ಹೊಟ್ಟೆ ತುಂಬ ಊಟ, ನಿದ್ದೆ, ನಡಿಗೆ, ಇವೇ ಮನೆಯ ಮದ್ದು. ಅರಿಶಿನ ಹುಣಸೆಯ ಪಾನಕ ಹಿತವೆನಿಸಿದರೆ ಕುಡಿಯಿರಿ, ಅದನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ. ಮೂರು ತಿಂಗಳು ಮುಟ್ಟೇ ಬರದಿದ್ದರೆ, ಇಪ್ಪತ್ತೊಂದು ದಿನಕ್ಕೂ ಮೊದಲೇ ಮತ್ತೆ ಮತ್ತೆ ಬರುತ್ತಿದ್ದರೆ, ಏಳು ದಿನ ಮೀರಿ ಹೋಗುತ್ತಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋದರೆ, ನೋವು ತಡೆಯಲಾಗದಿದ್ದರೆ ಒಂದು ದಿನವೂ ಕಾಯಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ. ಬಸಿರಿನ ಸಾಧ್ಯತೆ ಇದ್ದರೆ ಮೊದಲು ಪರೀಕ್ಷೆ, ಆಮೇಲೆ ಮಿಕ್ಕ ಮಾತು. ಹೆಸರು, ನೋಂದಣಿ ಇಲ್ಲದ ಪುಡಿಯನ್ನು ನೀವೂ ನುಂಗಬೇಡಿ, ಇನ್ನೊಬ್ಬರಿಗೂ ಕದಡಿ ಕೊಡಬೇಡಿ.

ಅನುಮಾನ ಪಡಲೇಬೇಕೆಂದಿದ್ದರೆ ಒಂದೇ ದಿನದಲ್ಲಿ ಸರಿಮಾಡುತ್ತೇನೆ ಎನ್ನುವವರ ಮೇಲೆ ಪಡಿ. ಮಗಳನ್ನು ಮಾತ್ರ ಹತ್ತಿರ ಕೂರಿಸಿಕೊಂಡು ಕೇಳಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನಿರಿ.