ಸೂರಪ್ಪ ಮಂಗಳನಲ್ಲಿ, ಗಿರಿಜಕ್ಕ ಮನೆಯಲ್ಲಿ

ತಾಲೀಮು ಅರ್ಧಕ್ಕೆ ಬಂದಾಗ ಸುಮಂತ್ ಥಟ್ಟನೆ ಮಾತು ನಿಲ್ಲಿಸಿ ಕೈಯಲ್ಲಿದ್ದ ಹಾಳೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ಅಲ್ರೀ ನಿಹಾರಿಕಾ, ಇದು ಹೆಂಗ ಆಗ್ತೈತಿ? ನಾ ಮಂಗಳನ ಮ್ಯಾಲ ನಿಂತೀನಿ. ನನ್ನ ಹೆಂಡ್ತಿ ಭೂಮಿ ಮ್ಯಾಲ ಚಟ್ನಿ ರುಬ್ಬಾಕತ್ತಾಳ. ನಾ ಇಲ್ಲಿಂದ 'ಗಿರಿಜಾ' ಅಂದದ್ದು ಆಕಿಗೆ ಮುಟ್ಟಾಕ ಹತ್ತು ಹನ್ನೆರಡು ನಿಮಿಷ ಬೇಕು. ಆಕಿ 'ಏನ್ರೀ' ಅಂದದ್ದು ನನಗ ಮುಟ್ಟಾಕ ಮತ್ತ ಅಷ್ಟೇ ಹೊತ್ತು. ಇಲ್ಲಿ ನೋಡಿದ್ರ ನಾ ಬಾಯಿ ಮುಚ್ಚೂದರಾಗ ಉತ್ತರ ಬಂದಿರ್ತೈತಿ!"

"ಹಾಸ್ಯ ಕಥೆ ಸುಮಂತ್. ಅಷ್ಟೆಲ್ಲ ನೋಡ್ಬಾರ್ದು," ಎಂದಳು ನಿಹಾರಿಕಾ.

ಹಾಗೆಂದಳೇ ಹೊರತು ಆ ಮಾತು ಅವಳಿಗೇ ರುಚಿಸಲಿಲ್ಲ. ಮೈಸೂರಿನ ಹುಡುಗಿ, ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುವುದೇ ಅವಳ ಉದ್ಯೋಗ. ಇಂಥದ್ದು ತನ್ನ ಕಣ್ಣಿಗೆ ಬೀಳದೆ ವಲ್ಲಾರ್ಪಾಡಂ ಬಂದರಿನ ಸುಮಂತನ ಕಣ್ಣಿಗೆ ಬಿತ್ತಲ್ಲ! ಹಡಗಿನಿಂದ ಯಾವ ಕಂಟೇನರ್ ಮೊದಲು ಇಳಿಯಬೇಕು, ಯಾವುದು ಆಮೇಲೆ ಎಂದು ನಿರ್ಧರಿಸುವ ಕೆಲಸ ಅವನದು. ಹಿಂದುಮುಂದಿನ ವಿಷಯದಲ್ಲಿ ಅವನನ್ನು ಯಾಮಾರಿಸುವುದು ಕಷ್ಟ.

ರಾಜ್ಯೋತ್ಸವಕ್ಕೆ ಕೊಚ್ಚಿಯ ಕನ್ನಡಿಗರು ಒಂದು ನಾಟಕ ಆಡಬೇಕೆಂದಿದ್ದರು. ನಿಹಾರಿಕಾ ಹುಡುಕಿ ತೆಗೆದದ್ದು 'ಮಂಗಳನಲ್ಲಿ ಸೂರಪ್ಪ' ಎಂಬ ಕಥೆ. ಬಹಳ ವರ್ಷಗಳ ಹಿಂದೆ ತಿರುವನಂತಪುರದ ಕನ್ನಡ ಬಳಗದ ಸ್ಮರಣ ಸಂಚಿಕೆಯಲ್ಲಿ ಬಂದದ್ದು. ಸೂರಪ್ಪ ಸರ್ಕಾರಿ ಉಗ್ರಾಣದ ಸೂಪರಿಂಟೆಂಡೆಂಟ್. ಮಂಗಳ ಗ್ರಹದ ಶಾಖಾ ಕಚೇರಿಗೆ ಕಳಿಸಿದ ಪ್ಲಾಸ್ಟಿಕ್ ಕುರ್ಚಿಗಳು ಎಲ್ಲಿ ಹೋದವೆಂದು ನೋಡಿಬರಲು ಅವನನ್ನು ಟೂರಿಗೆ ಹಾಕುತ್ತಾರೆ. ಹೋಗಿ ನೋಡಿದರೆ ಮಂಗಳದವರು ಕುರ್ಚಿಗಳನ್ನು ತಲೆಗೆ ಟೋಪಿಯ ಹಾಗೆ ಹಾಕಿಕೊಂಡು ಓಡಾಡುತ್ತಿರುತ್ತಾರೆ. ಅಲ್ಲಿಂದ ಸೂರಪ್ಪ ದಿನವೂ ರೇಡಿಯೋದಲ್ಲಿ ಹೆಂಡತಿ ಗಿರಿಜಕ್ಕನ ಜತೆ ಮಾತಾಡುತ್ತಾನೆ. ಗಿರಿಜಕ್ಕನಿಗೋ ಸ್ವಲ್ಪ ಕಿವಿ ಮಂದವಿರಬೇಕು. ಗಂಡ ಮಾತಾಡುವಾಗಲೇ ಮಿಕ್ಸಿ ಹಾಕುತ್ತಾಳೆ. ಕೊನೆಯಲ್ಲಂತೂ ಏನೋ ಕೇಳಿದರೆ ಏನೋ ಹೇಳುತ್ತಾಳೆ. ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು ಅಲ್ಲೇ.

"ಬರೆದವರು ಯಾರ್ರೀ?" ಎಂದು ಸುಮಂತ್ ಕೇಳಿದ.

"ಧರಣೇಂದ್ರ ಅಂತ. ತಿರುವನಂತಪುರದ ಹತ್ರ ತುಂಬಾ ಅನ್ನೋ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿದ್ದರು. ರಾಕೆಟ್ಟಿಂದ ಬರೋ ಸಂಕೇತಗಳನ್ನ ಹಿಡಿಯೋ ವಿಭಾಗ..." ಎನ್ನುತ್ತಿದ್ದ ಹಾಗೇ ನಿಹಾರಿಕಾಳ ದನಿ ಕುಗ್ಗಿತು.

ಸುಮಂತ್ ಹುಬ್ಬೇರಿಸಿದ. "ಜೀವಮಾನ ಪೂರಾ ಸಂಕೇತ ಹಿಡದವರು ಈ ತಪ್ಪು ಮಾಡ್ತಾರೇನ್ರೀ?"

ಆ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಕೂತಿತು. ಎರಡು ದಿನ ತಡೆದು ನೋಡಿ, ಕೊನೆಗೆ ಬಳಗದವರಿಂದ ಧರಣೇಂದ್ರರ ನಂಬರ್ ಪಡೆದು ಫೋನ್ ಮಾಡಿ ಕೇಳಿದಳು. ಅತ್ತಲಿಂದ ಮುದುಕರ ನಗು ಕೇಳಿಸಿತು. "ಅಂತೂ ಒಬ್ಬರು ಕೇಳಿದ್ರಲ್ಲ! ಫೋನಲ್ಲಿ ಬೇಡಮ್ಮ. ಮನೆಗೇ ಬಾ."

ಶನಿವಾರ ಬೆಳಗ್ಗೆ ಎರ್ನಾಕುಲಂನಲ್ಲಿ ತಿರುವನಂತಪುರದ ರೈಲು ಹತ್ತಿದಳು. ದಾರಿಯುದ್ದಕ್ಕೂ ಕಥೆಯನ್ನು ಮತ್ತೆ ಮತ್ತೆ ಓದಿದಳು. ಮೊದಲು ಕಾಣದಿದ್ದ ಒಂದು ಸಂಗತಿ ಕೊಲ್ಲಂ ದಾಟುವಾಗ ಕಂಡಿತು. ಗಿರಿಜಕ್ಕ ಮಾತಾಡುವ ಮುಂಚೆ ಪ್ರತಿ ಸಲವೂ ಗೋಡೆಯ ಗಡಿಯಾರ ನೋಡುತ್ತಾಳೆ. ಚಟ್ನಿ ರುಬ್ಬುವವಳಿಗೆ ಗಡಿಯಾರದ ಗೊಡವೆ ಯಾಕೆ? ಅಲ್ಲಿಗೆ ಪೆನ್ಸಿಲಿನಿಂದ ಗೆರೆ ಎಳೆದಳು. ಉತ್ತರ ಮಾತ್ರ ಹೊಳೆಯಲಿಲ್ಲ.

ಉಳ್ಳೂರಿನ ಒಂದು ಒಳರಸ್ತೆಯಲ್ಲಿ ಧರಣೇಂದ್ರರ ಮನೆ. ಹಾಸನದ ಕಡೆಯವರು, ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ಇಲ್ಲೇ ನಿಂತವರು. ಬಾಗಿಲು ತೆರೆದ ಅವರ ಹೆಂಡತಿ ಇಂದುಮತಿ, ಬೇಯಿಸಿದ ನೇಂದ್ರ ಬಾಳೆಹಣ್ಣಿನ ತಟ್ಟೆ ತಂದಿಟ್ಟು, "ತಿನ್ನಮ್ಮ, ಹಸಿದಿರ್ತೀಯ. ಕಾಫಿ ತರ್ತೀನಿ," ಎಂದರು.

ನಿಹಾರಿಕಾ ನೇರವಾಗಿ ವಿಷಯಕ್ಕೆ ಬಂದಳು. "ಅಂಕಲ್, ಗಿರಿಜಕ್ಕ ಅಷ್ಟು ಬೇಗ ಹೇಗೆ ಉತ್ತರ ಕೊಡ್ತಾಳೆ?"

"ನಾನು ಹೇಳಲ್ಲ," ಎಂದರು ಧರಣೇಂದ್ರ. ಕಣ್ಣಲ್ಲಿ ತುಂಟತನವಿತ್ತು. "ಬರೆದವನೇ ಬಿಡಿಸಿ ಹೇಳಿದ್ರೆ ನಗೆ ಸತ್ತುಹೋಗುತ್ತೆ. ಆದ್ರೆ ಒಂದು ಮಾತು ಕೊಡ್ತೀನಿ. ಅದು ಕಣ್ತಪ್ಪಿನಿಂದ ಆದದ್ದಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದುಮತಿ ಸೆರಗಿಗೆ ಕೈ ಒರೆಸಿಕೊಂಡರು. "ಅದ್ರಲ್ಲಿ ಬಿಡಿಸೋದೇನಿದೆ? ಗಿರಿಜಕ್ಕ ಕಿವುಡಿ. ಬಾಯಿಗೆ ಬಂದದ್ದು ಹೇಳ್ತಾಳೆ. ಆ ಗಿರಿಜಕ್ಕ ಯಾರು ಅಂತ ಇಡೀ ಬಳಗಕ್ಕೆ ಗೊತ್ತು. ಕಥೆ ಬಂದ ವರ್ಷ ಎಲ್ಲರೂ ನನ್ನ ಹತ್ರ ಕೂಗಿ ಕೂಗಿ ಮಾತಾಡೋರು, ತಮಾಷೆಗೆ." ನಗುತ್ತಲೇ ಹೇಳಿದರು. ಆದರೆ ಒಳಗೆ ಹೋಗುವಾಗ ಆ ನಗು ಅವರ ಮುಖದ ಮೇಲಿರಲಿಲ್ಲ.

ಧರಣೇಂದ್ರರು ಆ ಕಡೆ ನೋಡುತ್ತ ಕೂತುಬಿಟ್ಟರು. ಹೆಂಡತಿಯ ಬಾಯಿಂದ ಈ ಮಾತನ್ನು ಮೊದಲ ಸಲ ಕೇಳಿದವರ ಹಾಗಿತ್ತು ಅವರ ಮುಖ. ನಿಹಾರಿಕಾ ಎಲ್ಲಿ ನೋಡಬೇಕೋ ತಿಳಿಯದೆ ಕಥೆಯ ಹಾಳೆಗಳನ್ನು ಅವರ ಮುಂದೆ ಸರಿಸಿದಳು. ಅವರು ಓದಲೆಂದು ಅಂಗಿಯ ಜೇಬು ತಡವಿದರು. ಆಮೇಲೆ ಇನ್ನೊಂದು ಜೇಬು. ಬಾಯಿ ತೆರೆಯುವ ಮೊದಲೇ ಒಳಗಿಂದ ದನಿ ಬಂತು.

"ಫ್ರಿಜ್ ಮೇಲಿದೆ ನೋಡಿ!"

ಅವರು ಎದ್ದು ಹೋಗಿ ಫ್ರಿಜ್ಜಿನ ಮೇಲಿಂದ ಕನ್ನಡಕ ತಂದರು.

ನಿಹಾರಿಕಾ ಅಡುಗೆಮನೆಯತ್ತ ತಿರುಗಿದಳು. ಗೋಡೆ ಅಡ್ಡವಿತ್ತು, ಇಂದುಮತಿಗೆ ಗಂಡ ಕಾಣುವ ಹಾಗಿರಲಿಲ್ಲ. ಕೇಳಿದ್ದರೆ ಹಾಳೆ ಸರಿದ ಸದ್ದಷ್ಟೇ. ಹಾಳೆ ಮುಂದೆ ಬಂದರೆ ಗಂಡ ಕನ್ನಡಕ ಹುಡುಕುತ್ತಾರೆ, ಸಿಗುವುದಿಲ್ಲ, ಕೇಳುತ್ತಾರೆ. ಇಷ್ಟು ವರ್ಷ ಕಂಡದ್ದೇ. ಇನ್ನು ಪ್ರಶ್ನೆಗೆ ಕಾಯುವುದೇಕೆ?

"ಅಂಕಲ್," ಎಂದಳು. "ಗಿರಿಜಕ್ಕ ಬೇಗ ಉತ್ತರ ಕೊಡ್ತಿಲ್ಲ. ಅವಳು ಮೊದಲೇ ಕೊಟ್ಟಿರ್ತಾಳೆ. ಅಲ್ವಾ?"

ಧರಣೇಂದ್ರ ತಟ್ಟೆಯನ್ನು ಮೇಜಿನ ಒಂದು ತುದಿಗೆ ತಳ್ಳಿ, ನೀರಿನ ಲೋಟವನ್ನು ಇನ್ನೊಂದು ತುದಿಗಿಟ್ಟರು. "ಇದು ಮಂಗಳ. ಇದು ಭೂಮಿ. ನೀನೇ ಹೇಳು."

ನಿಹಾರಿಕಾ ಲೋಟದ ಬಳಿ ಬೆರಳಿಟ್ಟಳು. "ಸೂರಪ್ಪ ಊಟಕ್ಕೆ ಯಾವಾಗ ಕೂರ್ತಾನೆ, ಕೂತ ಮೇಲೆ ಏನು ಕೇಳ್ತಾನೆ, ಎಲ್ಲ ಗಿರಿಜಕ್ಕನಿಗೆ ಗೊತ್ತು. ಅದಕ್ಕೇ ಗಡಿಯಾರ ನೋಡ್ತಾಳೆ. ಅವನು ಕೇಳೋದಕ್ಕೆ ಹನ್ನೆರಡು ನಿಮಿಷ ಮುಂಚೆ ಇಲ್ಲಿಂದ ಉತ್ತರ ಹೇಳಿಬಿಡ್ತಾಳೆ." ಬೆರಳು ಮೇಜಿನ ಮೇಲೆ ಮೆಲ್ಲಗೆ ಸರಿದು ತಟ್ಟೆಗೆ ಮುಟ್ಟಿತು. "ಅವನು 'ಉಪ್ಪಿನಕಾಯಿ ಎಲ್ಲಿಟ್ಟಿದೀಯ' ಅಂತ ಕೇಳಿ ಮುಗಿಸೋದಕ್ಕೂ, 'ಕೆಂಪು ಚೀಲದಲ್ಲಿದೆ' ಅಂತ ಇವಳ ಉತ್ತರ ತಲುಪೋದಕ್ಕೂ ಸರಿಹೋಗುತ್ತೆ. ಅವನ ಪ್ರಶ್ನೆ ಮನೆಗೆ ಬರೋದು ಅದಾದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಅದು ಹಳೇ ಪ್ರಶ್ನೆ. ಅದಕ್ಕೇ ಅವಳು ಮಿಕ್ಸಿ ಹಾಕ್ತಾಳೆ! ಕಿವಿ ಕೇಳಿಸದೇ ಅಲ್ಲ, ಕೇಳೋ ಅಗತ್ಯವೇ ಇಲ್ಲ!"

"ಭೇಷ್!" ಎಂದು ಧರಣೇಂದ್ರ ಮೇಜು ಗುದ್ದಿದರು. ಲೋಟದ ನೀರು ತುಳುಕಿತು.

ಕಾಫಿ ಹಿಡಿದು ಬಂದ ಇಂದುಮತಿ ನಡುಮನೆಯಲ್ಲೇ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ.

"ಹಾಗಿದ್ರೆ ಆ ಕೊನೇಲಿ?" ಎಂದರು. "ಏನೋ ಕೇಳಿದ್ರೆ ಏನೋ ಹೇಳ್ತಾಳಲ್ಲ, ಎಲ್ಲರೂ ಬಿದ್ದು ಬಿದ್ದು ನಗೋದು?"

ನಿಹಾರಿಕಾ ಕೊನೆಯ ಪುಟ ತೆರೆದಳು. ಮಂಗಳನಲ್ಲಿ ಕೊರೆಯುವ ಚಳಿ. ಕುರ್ಚಿಗಳ ತನಿಖೆ ಮುಗಿದಿದೆ. ಚಳಿ ಬಿತ್ತೆಂದರೆ ಸೂರಪ್ಪ ಮಫ್ಲರ್ ಎಲ್ಲಿ ಎಂದು ಕೇಳುವವನು. ಆದರೆ ಅಂದು ಆಕಾಶದಲ್ಲಿ ಚುಕ್ಕಿಯಂತಿದ್ದ ಭೂಮಿಯನ್ನು ನೋಡಿ, ಮದುವೆಯಾದಂದಿನಿಂದ ಹೇಳದಿದ್ದ ಮಾತೊಂದನ್ನು ಹೇಳುತ್ತಾನೆ. ಅವಳು ಗಟ್ಟಿಯಾಗಿ ಓದಿದಳು: "'ಗಿರಿಜಾ, ನೀನಿಲ್ಲದೆ ಬೇಜಾರಾಗ್ತಿದೆ ಕಣೇ.' ರೇಡಿಯೋ ಕರಕರ ಎಂದಿತು. 'ಟ್ರಂಕಿನ ತಳದಲ್ಲಿದೆ, ಸರಿಯಾಗಿ ಸುತ್ತಿಕೊಳ್ಳಿ,' ಎಂದಳು ಗಿರಿಜಕ್ಕ."

ಈ ಸಲ ಯಾರೂ ನಗಲಿಲ್ಲ.

ನಿಹಾರಿಕಾ ಕೆಳಗಿನ ಸಾಲಿಗೆ ಬಂದಳು. ಅದನ್ನು ಅವಳು ಎಷ್ಟೋ ಸಲ ಓದಿದ್ದಳು. ಅಡುಗೆ ಮುಗಿಯಿತು, ಕಥೆಯೂ ಮುಗಿಯಿತು ಎಂದಷ್ಟೇ ಅಂದುಕೊಂಡಿದ್ದಳು. "'ಸ್ವಲ್ಪ ಹೊತ್ತಿನ ಮೇಲೆ ಭೂಮಿಯಲ್ಲಿ ರೇಡಿಯೋ ಕರಕರ ಎಂದಿತು. ಗಿರಿಜಕ್ಕ ಮಿಕ್ಸಿ ನಿಲ್ಲಿಸಿದಳು.'"

"ಅವಳು ಊಹಿಸೋಕಾಗದೇ ಇದ್ದದ್ದು ಅದೊಂದೇ," ಎಂದರು ಧರಣೇಂದ್ರ, ಹೆಂಡತಿಯ ಮುಖ ನೋಡದೆ.

ಇಂದುಮತಿ ಕಾಫಿಯ ಲೋಟಗಳನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತರು. ಗಂಡನ ಕಡೆ ತಿರುಗಿದರು. "ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ನಿನಗೆ ಗೊತ್ತಾಗಿರುತ್ತೆ ಅಂದ್ಕೊಂಡೆ. ನಾನು ಬಾಯಿ ಬಿಡೋ ಮೊದಲೇ ನಿನಗೆ ಎಲ್ಲ ಗೊತ್ತಾಗುತ್ತಲ್ಲ."

"ಕನ್ನಡಕ ಎಲ್ಲಿದೆ ಅಂತ ಗೊತ್ತಾಗುತ್ತೆ. ಇದೆಲ್ಲ ಹೇಗ್ರೀ ಗೊತ್ತಾಗಬೇಕು? ಕೂಗಿ ಮಾತಾಡೋರ ಮುಂದೆ ನಾನೂ ಹಲ್ಲು ಕಿರಿದುಕೊಂಡು ನಿಂತಿರ್ತಿದ್ದೆ. ನೀವೂ ಪಕ್ಕದಲ್ಲೇ ನಗ್ತಿದ್ರಿ."

ಧರಣೇಂದ್ರ ತಲೆ ತಗ್ಗಿಸಿದರು. "ಅವರಿಗೆ ಕಥೆ ಅರ್ಥ ಆಗಿಲ್ಲ ಅಂತ ನಗ್ತಿದ್ದೆ. ನಾವಿಬ್ಬರೇ ತಿಳಿದವರು ಅನ್ನೋ ಜಂಬ ನನಗೆ. ನೀನೂ ಆ ಗುಂಪಿನ ಜತೆ ಹೊರಗಡೆನೇ ನಿಂತಿದೀಯ ಅಂತ ಒಂದಿನವೂ ಹೊಳೀಲಿಲ್ಲ, ಇಂದೂ."

ನಿಹಾರಿಕಾಳಿಗೆ ಎದ್ದು ಹೊರಗೆ ಹೋಗೋಣವೆನಿಸಿತು. ಆದರೆ ಇಂದುಮತಿ ಅವಳ ಕೈ ಹಿಡಿದು ಕೂರಿಸಿದರು. ಅವರ ಮುಖದಲ್ಲಿ ಸಿಟ್ಟು ಇತ್ತು. ಅದರ ಹಿಂದೆಯೇ ಇನ್ನೇನೋ ಇಣುಕುತ್ತಿತ್ತು.

"ಮಿಕ್ಸಿ ನಿಲ್ಲಿಸಿ ಏನಂದ್ಲು?"

"ಯಾರು?"

"ಗಿರಿಜಕ್ಕ. ಅವನ ಮಾತು ಬಂದು ಮುಟ್ತಲ್ಲ. ಅದಕ್ಕೇನಂದ್ಲು?"

ಧರಣೇಂದ್ರ ತಡವರಿಸಿದರು. "ಅದು... ಅದನ್ನ ಬರೀಲಿಲ್ಲ."

"ಗೊತ್ತಿರಲಿಲ್ವೋ, ಬರೀಲಿಲ್ವೋ?"

"ಗೊತ್ತಿರಲಿಲ್ಲ."

ಇಂದುಮತಿ ನಿಹಾರಿಕಾಳ ಕಡೆ ತಿರುಗಿದರು. "ನಿಮ್ಮ ನಾಟಕದಲ್ಲಿ ಗಿರಿಜಕ್ಕನ ಪಾರ್ಟು ಯಾರದಮ್ಮ?"

"ಸದ್ಯಕ್ಕೆ ನಾನೇ ಓದ್ತಿದೀನಿ ಆಂಟಿ. ಯಾರೂ ಸಿಕ್ಕಿಲ್ಲ."

"ಸಿಕ್ಕಿದ್ರು ಅಂತ ಹೇಳು."

ಕೊಚ್ಚಿಗೆ ಮರಳಿ ನಿಹಾರಿಕಾ ನಡೆದದ್ದನ್ನೆಲ್ಲ ಹೇಳಿದಾಗ ಸುಮಂತ್ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ರಂಗವನ್ನು ಎರಡು ಭಾಗ ಮಾಡಿದವನು ಅವನೇ. ಬಲಗಡೆ ಮಂಗಳ, ಎಡಗಡೆ ಅಡುಗೆಮನೆ, ಅಡುಗೆಮನೆಯ ಗೋಡೆಗೆ ದೊಡ್ಡ ಗಡಿಯಾರ. ಗಿರಿಜಕ್ಕ ಮೊದಲು ಗಡಿಯಾರ ನೋಡಿ ಖಾಲಿ ಗಾಳಿಗೆ ಉತ್ತರ ಹೇಳಬೇಕು. ದೀಪ ಆರಿ ಹೊತ್ತಿದ ಮೇಲೆ ಅತ್ತ ಸೂರಪ್ಪ ಪ್ರಶ್ನೆ ಕೇಳಬೇಕು. ತನಿಖೆಯಲ್ಲಿ ಅವನು ಕುರ್ಚಿ ಎಣಿಸುತ್ತ ತಲೆ ಚಚ್ಚಿಕೊಳ್ಳುವ ಜಾಗದಲ್ಲಿ ಮಾತ್ರ ಏನನ್ನೂ ಬದಲಿಸಲಿಲ್ಲ.

ರಾಜ್ಯೋತ್ಸವದ ದಿನ ಎಡಪ್ಪಳ್ಳಿಯ ಸಭಾಂಗಣ ತುಂಬಿತ್ತು. ಮೊದಲ ಒಂದೆರಡು ಪ್ರಶ್ನೆಗಳಿಗೆ ಜನ ಮಿಕಮಿಕ ನೋಡಿದರು. ಮೂರನೆಯದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ "ಓಹೋ!" ಎಂದರು. ಆಮೇಲೆ ಹಿಡಿಯುವವರಿಲ್ಲ. ಇಂದುಮತಿ ಗಡಿಯಾರದ ಕಡೆ ಕತ್ತು ತಿರುಗಿಸಿದರೆ ಸಾಕು, ಹೆಂಗಸರ ಸಾಲು ನಗೆಯಲ್ಲಿ ತೇಲುತ್ತಿತ್ತು. ಪರದೆಯ ಪಕ್ಕದಲ್ಲಿ ನಿಂತ ನಿಹಾರಿಕಾ ನೋಡುತ್ತಿದ್ದದ್ದು ಮುಂದಿನ ಸಾಲಿನ ಧರಣೇಂದ್ರರನ್ನು. ಕೊನೆಯ ಮಾತು ಏನೆಂದು ಇಂದುಮತಿ, ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದ ತಾಲೀಮಿನಲ್ಲಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಧರಣೇಂದ್ರ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಸುಮಂತ್ ಹುಬ್ಬಳ್ಳಿಯ ದನಿಯಲ್ಲೇ ಹೇಳಿದ, "ಗಿರಿಜಾ, ನೀ ಇಲ್ಲದ ಬ್ಯಾಸರಾಗಾಕತ್ತೈತಿ." ಮಫ್ಲರಿನ ಉತ್ತರ ಬಂತು. ಸಭೆ ನಗಲು ಹೋಗಿ ಅರ್ಧಕ್ಕೆ ನಿಂತಿತು. ದೀಪ ಆರಿತು, ಹೊತ್ತಿತು. ಅಡುಗೆಮನೆಯಲ್ಲಿ ರೇಡಿಯೋ ಕರಕರ ಎಂದಿತು. ಇಂದುಮತಿ ಮಿಕ್ಸಿ ನಿಲ್ಲಿಸಿ, ಗಡಿಯಾರ ನೋಡದೆ, ರೇಡಿಯೋದ ಕಡೆ ತಿರುಗಿದರು.

"ಇನ್ನೊಂದ್ಸಲ ಹೇಳಿ," ಎಂದರು. "ಕಾಯ್ತೀನಿ."

ಪರದೆ ಬಿದ್ದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಧರಣೇಂದ್ರ ಮಾತ್ರ ತಟ್ಟಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಲೇ ಇದ್ದರು.

ಮರುದಿನ ಎಲ್ಲರೂ ಸೇರಿ ದೋಣಿಯಲ್ಲಿ ಮಟ್ಟಾಂಚೇರಿಗೆ ಹೊರಟರು. ಇಂದುಮತಿಗೆ ಒಳ್ಳೆಯ ಕಾಳುಮೆಣಸು ಕೊಳ್ಳಬೇಕಿತ್ತು. ನಾಟಕದಲ್ಲಿ ಮಂಗಳದವಳಾಗಿದ್ದ ಕಾಸರಗೋಡಿನ ಜುಬೈದಾ ಧರಣೇಂದ್ರರ ಪಕ್ಕದಲ್ಲಿ ಕೂತಿದ್ದಳು. ಹಿಂದಿನ ದಿನದಿಂದಲೂ ಅವಳಿಗೊಂದು ಅನುಮಾನ ಕೊರೆಯುತ್ತಿತ್ತು.

"ಸರ್, ಒಂದು ಕೇಳ್ಲಾ? ನಮಗೆ, ಅಂದ್ರೆ ಮಂಗಳದವರಿಗೆ, ಕಿವಿಯೇ ಇಲ್ಲ, ವಾಸನೆಯಲ್ಲೇ ಮಾತಾಡೋದು ಅಂತ ಬರ್ದಿದ್ದೀರಿ. ಮತ್ತೆ ಸೂರಪ್ಪ ಹಾಡುವಾಗ ನಾವೆಲ್ಲ ತಾಳ ಹಾಕ್ತೇವಲ್ಲ, ಅದು ಎಂತ?"

ಎಲ್ಲರೂ ಧರಣೇಂದ್ರರ ಮುಖ ನೋಡಿದರು. ಇದರೊಳಗೆ ಇನ್ನೇನು ಅಡಗಿದೆಯೋ ಎಂದು ನಿಹಾರಿಕಾ ಮುಂದಕ್ಕೆ ಬಾಗಿದಳು. ಅವರು ಕಣ್ಣು ಮುಚ್ಚಿ ಯೋಚಿಸಿದರು. ನೀರನ್ನು ನೋಡಿದರು. ದೂರದ ಕ್ರೇನುಗಳನ್ನು ನೋಡಿದರು.

"ಅದು ತಪ್ಪು ಕಣಮ್ಮ," ಎಂದರು ಕೊನೆಗೆ. "ಶುದ್ಧ ತಪ್ಪು. ನಾನು ನೋಡೇ ಇಲ್ಲ."

ಇಂದುಮತಿ ಜೋರಾಗಿ ನಕ್ಕರು. ಸುಮಂತ್ ಒಪ್ಪಲಿಲ್ಲ. "ತಡೀರಿ ಸರ್, ತಪ್ಪು ಅಂತ ಹೆಂಗ ಅಂತೀರಿ? ಹಾಡುವಾಗ ಸೂರಪ್ಪ ಬೆವತಿರ್ತಾನಲ್ಲ, ಆ ಬೆವರಿನ ವಾಸನಿ..." ಎಂದು ಶುರು ಮಾಡಿದ. ದೋಣಿ ದಡ ಮುಟ್ಟಿದರೂ ಅವನ ವಾದ ಮುಗಿದಿರಲಿಲ್ಲ.