ದೇವರ ಜಗಲಿಯ ಫೋನು

"ಮೂರೂ ಸಾಲ್ಕ ಇಡ್ರಿ ಅಕ್ಕಾರ. ಒಂದರ ಮ್ಯಾಲೊಂದು ಬ್ಯಾಡ, ಬಾಜೂಕ ಬಾಜೂಕ," ಎಂದ ಮಕಬೂಲಸಾಬ.

ದಾಕ್ಷಾಯಿಣಿ ಗಾಜಿನ ಪೆಟ್ಟಿಗೆಯ ಮೇಲೆ ಹರಡಿದ್ದ ಸ್ಕ್ರೂಗಳನ್ನು, ಒಡೆದ ಕವರುಗಳನ್ನು ಅಂಗೈಯಿಂದ ಆಚೆ ಸರಿಸಿ ಫೋನುಗಳನ್ನು ಇಟ್ಟಳು. ಒಂದು ಗಂಡ ಗುರುಪಾದನದು. ಒಂದು ತನ್ನದು. ಮೂರನೆಯದು ಮಕಬೂಲಸಾಬನದೇ, ಗಾಜು ಸೀಳಿದ್ದಕ್ಕೆ ಟೇಪು ಅಂಟಿಸಿಕೊಂಡ ಹಳೆಯದು. ಉಪ್ಪಿನಬೆಟಗೇರಿಯ ಬಸ್ ನಿಲ್ದಾಣದ ಎದುರಿಗಿದ್ದ ಆ ಅಂಗಡಿಯಲ್ಲಿ ಮೊದಲು ಅವನ ತಂದೆ ಗುಲಾಬಸಾಬ ರೇಡಿಯೊ ರಿಪೇರಿ ಮಾಡುತ್ತಿದ್ದ. ಈಗ ಮಗ ಮೊಬೈಲು ಮಾಡುತ್ತಾನೆ.

"ಕಡ್ಡಿ ನೋಡಬ್ಯಾಡ್ರಿ," ಎಂದ ಅವನು, ಫೋನಿನ ತುದಿಯ ರೇಂಜಿನ ಗೆರೆಗಳನ್ನು ಹೆಬ್ಬೆರಳಿನಿಂದ ಮುಚ್ಚಿ. "ಕಡ್ಡಿ ಒಂದೊಂದು ಫೋನಿನ್ಯಾಗ ಒಂದೊಂದು ಥರಾ ತೋರಸ್ತಾವ. ಈ ನಂಬರ್ ನೋಡ್ರಿ. ಇದು ಜ್ವರ ಇದ್ದಂಗ, ಏರಿದಷ್ಟು ಕೆಟ್ಟ. ತೊಂಬತ್ತರ ಒಳಗಿದ್ರ ಆರಾಮ. ನೂರಾಹತ್ತು ದಾಟಿತಂದ್ರ ಮಾತು ಹರದು ಹರದು ಬರತಾವ. ನೂರಾಇಪ್ಪತ್ತು ಅಂದ್ರ ಮುಗೀತು, ಫೋನ್ ಕೈಯಾಗ ಇದ್ರೂ ಇಲ್ಲದಂಗ."

ಗುರುಪಾದನ ಫೋನಿನಲ್ಲಿ ಎಂಬತ್ತೈದು. ದಾಕ್ಷಾಯಿಣಿಯದರಲ್ಲಿ ಎಂಬತ್ತೆಂಟು. ಟೇಪು ಹಚ್ಚಿದ್ದರಲ್ಲಿ ಎಂಬತ್ನಾಲ್ಕು.

"ನೋಡ್ರಿ, ಅಣ್ಣಾರ ಫೋನು ನಿಮ್ಮದಕ್ಕಿಂತ ಛಲೋನ ಐತಿ. ನನ್ನ ಡಬ್ಬಿ ಎರಡಕ್ಕೂ ಮ್ಯಾಲ. ಅದರಾಗ ಏನೂ ಕೆಟ್ಟಿಲ್ರಿ."

ಅವನು ಕೆಟ್ಟಿದೆ ಎಂದಿದ್ದರೆ ಒಳ್ಳೆಯದಿತ್ತು ಎಂದು ದಾಕ್ಷಾಯಿಣಿಗೆ ಅನ್ನಿಸಿತು. ಕೆಲ ತಿಂಗಳಿಂದ ಹೊರಗಿನವರು ಮಾಡಿದ ಕರೆ ಆ ಫೋನಿಗೆ ಆಗಾಗ ಹತ್ತುತ್ತಿರಲಿಲ್ಲ. ಧಾರವಾಡದ ಅಂಗಡಿಯವನು ಒಳಗಿನ ಆಂಟೆನಾ ಬದಲಿಸಿದ್ದ. ಕಂಪನಿಯವರು ಹೊಸ ಸಿಮ್ ಕೊಟ್ಟಿದ್ದರು. ತಾನು ಕೆಲಸ ಮಾಡುವ ಅಂಗನವಾಡಿಯ ಮೇಡಮ್ಮೊಬ್ಬರು ಹೇಳಿದರೆಂದು ವಿಮಾನದ ಗುರುತು ಒತ್ತಿ ಬಿಟ್ಟದ್ದಾಗಿತ್ತು, ಸಿಮ್ಮನ್ನು ಫೋನಿನೊಳಗೆ ಒಂದು ಖಾನೆಯಿಂದ ಇನ್ನೊಂದಕ್ಕೆ ಹಾಕಿ ನೋಡಿದ್ದಾಗಿತ್ತು. ಪ್ರತಿ ಸಲವೂ, ಯಾರ ಕೈಗೆ ಕೊಟ್ಟರೂ, ಫೋನು ಛಲೋ ಇರುತ್ತಿತ್ತು.

"ಛಲೋ ಇದ್ದದ್ದು ಸೋಮವಾರ ಯಾಕ ಬಡಕೊಳ್ಳಲಿಲ್ಲ?" ಎಂದಳು. ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

ಹೋದ ಸುಗ್ಗಿಯಲ್ಲಿ ಜೋಳದ ಗರಿಯೊಂದು ಗುರುಪಾದನ ಬಲಗಣ್ಣನ್ನು ಗೀರಿತ್ತು. ಹುಣ್ಣಾಗಿ, ಮಾಗಿ, ಕರಿಗುಡ್ಡೆಯ ಮೇಲೆ ಹಾಲಿನ ಹನಿ ಒಣಗಿದಂಥ ಕಲೆ ಉಳಿಯಿತು. ಎಡಗಣ್ಣು ಹುಟ್ಟಿದಾಗಿನಿಂದಲೂ ಮಂದ. ಸತ್ತವರು ದಾನ ಮಾಡಿದ ಕಣ್ಣಿನಿಂದ ತೆಳುಪದರ ತೆಗೆದು ಕೂಡಿಸಿದರೆ ಮತ್ತೆ ಕಾಣಿಸುತ್ತದೆ ಎಂದಿದ್ದರು ಹುಬ್ಬಳ್ಳಿಯ ಕಣ್ಣಿನ ಡಾಕ್ಟರು. ಹೆಸರು ಬರೆಸಿ ಎಂಟು ತಿಂಗಳಾಗಿತ್ತು. ಕಣ್ಣು ಬಂದ ದಿನ ಫೋನು ಮಾಡುತ್ತಾರೆ, ಮೂರು ತಾಸಿನೊಳಗೆ ಅಲ್ಲಿರಬೇಕು, ಸಿಗದಿದ್ದರೆ ಸರದಿಯಲ್ಲಿ ಮುಂದಿನವರಿಗೆ.

ಸೋಮವಾರ ಬೆಳಿಗ್ಗೆ ಆ ಫೋನು ಬಂದಿತ್ತು. ಗುರುಪಾದನ ನಂಬರಿಗೆ ನಾಲ್ಕು ಸಲ ಮಾಡಿ, ಹತ್ತಲಿಲ್ಲವೆಂದು ಎರಡನೆಯದಕ್ಕೆ, ಅಂದರೆ ದಾಕ್ಷಾಯಿಣಿಯದಕ್ಕೆ ಮೂರು ಸಲ ಮಾಡಿದ್ದರು. ಅವಳು ಧಾರವಾಡದಲ್ಲಿ ಇಲಾಖೆಯ ಮೀಟಿಂಗಿನಲ್ಲಿದ್ದಳು. ಫೋನು ಸೈಲೆಂಟ್ ಆಗಿ ಚೀಲದ ತಳದಲ್ಲಿತ್ತು. ಸಂಜೆ ಬಸ್ಸಿನಲ್ಲಿ ತೆಗೆದು ನೋಡಿ ತಿರುಗಿ ಮಾಡಿದಾಗ ಆಸ್ಪತ್ರೆಯ ಸುಜಾತಾ ಸಿಸ್ಟರು, "ಗದಗ ಕಡೆಯವ್ರಿಗೆ ಹಾಕಿದ್ವಿರಿ ಅಕ್ಕಾರ, ದಾರಿ ನೋಡಿದ್ವಿ," ಎಂದಿದ್ದಳು.

ಮಕಬೂಲಸಾಬ ಅಂಗಡಿಯ ಬಾಗಿಲನ್ನು ಅರ್ಧ ಎಳೆದ. "ನಡೀರಿ. ಫೋನಿನ ಜ್ವರ ನೋಡಿದ್ದಾತು, ಮನೀದೂ ನೋಡೂಣು."

ಗುರುಪಾದ ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ. ಶ್ರಾವಣ ಬಂದರೆ ಮಠದಲ್ಲಿ ತಿಂಗಳಿಡೀ ಪುರಾಣ ಓದುತ್ತಿದ್ದವನು, ಈ ವರ್ಷ ಬಾಯಿಪಾಠವಿದ್ದಷ್ಟು ಹೇಳಿ, ಉಳಿದದ್ದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಕಂಬಕ್ಕೆ ಒರಗಿ ಕೇಳಿದ್ದ. ಹೆಜ್ಜೆಯ ಸಪ್ಪಳದ ಮೇಲೆಯೇ ಬಂದವರನ್ನು ಗುರುತಿಸಿದ.

"ಬಾ ಮಕಬೂಲಾ. ನನಗ ಪೊರಿ ಬಂತು ಅಂದ್ರ ನನ್ನ ಫೋನಿಗೂ ಬಂತೇನೋ?"

"ಫೋನು ನಿಮಗಿಂತ ಗಟ್ಟಿ ಐತ್ರಿ ಅಣ್ಣಾರ. ಮನಿ ನೋಡಾಕ ಬಂದೇನಿ."

"ನೋಡು ನೋಡು. ಬಾಡಿಗಿಗೆ ಬರತೀ ಏನು?"

ಮಕಬೂಲಸಾಬ ನಕ್ಕು, ಗುರುಪಾದನ ಫೋನನ್ನು ಅಂಗೈಯಲ್ಲಿ ಹಣತೆಯಂತೆ ಹಿಡಿದು ನಡೆದ. ಒಂದೊಂದು ಕಡೆ ನಿಂತು, ಅಂಕಿ ನಿಲ್ಲುವವರೆಗೆ ಕಾದು, ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು ಅಲ್ಲಲ್ಲೇ ಬರೆದ. ಕಟ್ಟೆಯ ಕಲ್ಲಿಗೆ ಎಂಬತ್ತಾರು. ಪಡಸಾಲೆಯ ಕಂಬಕ್ಕೆ ತೊಂಬತ್ಮೂರು. ಅಡಿಗೆಮನೆಯ ಚೌಕಟ್ಟಿಗೆ ನೂರಾನಾಲ್ಕು. ಗುರುಪಾದನ ತಾಯಿ ಚನ್ನಬಸವ್ವ ಬೇಳೆ ಆರಿಸುತ್ತಿದ್ದ ಮೊರವನ್ನು ಬದಿಗಿಟ್ಟು, ಈ ಸುಣ್ಣದ ಅಂಕಿಗಳ ಹಿಂದೆ ಹಿಂದೆಯೇ ಬಂದಳು.

"ಎಲ್ಲಾ ಕಡೆ ಬರತೈತಲ್ರಿ," ಎಂದ ಅವನು ತಲೆ ಕೆರೆದುಕೊಂಡು. "ಸೋಮವಾರ ಮುಂಜಾನಿ ಫೋನು ಎಲ್ಲಿತ್ರಿ?"

"ಎಲ್ಲಿರತೈತಿ, ಅದರ ಜಾಗಾದಾಗ ಇತ್ತು," ಎಂದಳು ದಾಕ್ಷಾಯಿಣಿ.

"ಅದರ ಜಾಗಾ ಯಾವದ್ರಿ?"

ದಾಕ್ಷಾಯಿಣಿ ನಡುಮನೆಯ ಕಡೆ ತಿರುಗಿ ನೋಡಿದಳು. ಎಂಟು ತಿಂಗಳಿಂದ ಎಷ್ಟು ಜನ ಈ ಫೋನನ್ನು ನೋಡಿದ್ದರು. ಪ್ರತಿ ಸಲವೂ ಅದನ್ನು ಅಲ್ಲಿಂದ ಎತ್ತಿಕೊಂಡು ಬಂದು ತೋರಿಸಿದ್ದಳೇ ಹೊರತು, ಅದು ಇರುವ ಕಡೆಗೆ ಯಾರನ್ನೂ ಕರೆದಿರಲಿಲ್ಲ.

ಚನ್ನಬಸವ್ವ ಹೇಳಿದಳು. "ದೇವರ ಜಗಲಿ ಮ್ಯಾಲಪಾ. ಹೆಸರು ಬರಿಸಿ ಬಂದ ದಿನಾನ ಅಲ್ಲಿ ಇಟ್ಟೇನಿ. ವೈಯರೂ ಅಲ್ಲಿಗೇ ಎಳಸೇನಿ. ನಿತ್ಯ ಪೂಜಿ ಮಾಡೂವಾಗ ಅದಕ್ಕೂ ಒಂದು ಹೂವ ಏರಸ್ತೇನಿ."

ದೇವರಮನೆ ನಡುಮನೆಯ ಒಳಗಿತ್ತು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಅದರ ಬೆನ್ನಿಗೇ ಜೋಳ ತುಂಬಿದ ಎತ್ತರದ ತಗಡಿನ ಕಣಜ. ಗೋಡೆಯಲ್ಲಿ ಕರಿಕಲ್ಲು ಕೂಡಿಸಿದ ಗೂಡು, ಗೂಡಿನಲ್ಲಿ ಜಗಲಿ. ಮಕಬೂಲಸಾಬ ಹೊಸ್ತಿಲ ಈಚೆಗೇ ನಿಂತು ಫೋನನ್ನು ಅವಳ ಕೈಗಿತ್ತ.

"ದಿನಾ ಹೆಂಗ ಇಡ್ತೀರಿ ಎವ್ವಾ, ಹಂಗ ಇಡ್ರಿ."

ಚನ್ನಬಸವ್ವ ಹಿತ್ತಾಳೆಯ ಹರಿವಾಣದಲ್ಲಿ ಫೋನನ್ನು ಇಟ್ಟು, ಹರಿವಾಣವನ್ನು ಗೂಡಿನೊಳಕ್ಕೆ ಸರಿಸಿದಳು. ದಾಕ್ಷಾಯಿಣಿ ಬಗ್ಗಿ ಅಂಕಿ ಓದಿದಳು. ನೂರಾಹದಿನೇಳು. ನೂರಾಇಪ್ಪತ್ತೊಂದು. ಆಮೇಲೆ ಅಂಕಿಯೇ ಇರಲಿಲ್ಲ.

ಮಕಬೂಲಸಾಬ ಪಡಸಾಲೆಗೆ ಹೋಗಿ ತನ್ನ ಫೋನಿನಿಂದ ಮಾಡಿದ. ಒಳಗೆ ಏನೂ ಸದ್ದಾಗಲಿಲ್ಲ. ಹೊರಗೆ ಅವನ ಫೋನಿನಲ್ಲಿ ಹೆಣ್ಣುದನಿಯೊಂದು, ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಬಲು ಮರ್ಯಾದೆಯಿಂದ ಹೇಳಿತು. ಮೂವರೂ ಕೇಳಿದರು. ಕಟ್ಟೆಯ ಮೇಲಿದ್ದ ಗುರುಪಾದನೂ ಕೇಳಿದ.

ಚನ್ನಬಸವ್ವ ಜಗಲಿಯ ಮುಂದಿನ ಮಣೆಯ ಮೇಲೆ ಕುಳಿತುಬಿಟ್ಟಳು.

"ನಾ ಇಲ್ಲೇ ಕುಂತಿದ್ನಿ," ಎಂದಳು. "ಸೋಮವಾರ. ಪೂಜಿ ಮುಗಿಸಿ ಇದರ ಬಾಜೂಕ ಕುಂತಿದ್ನಿ."

"ಅತ್ತಿ, ಇರ್ಲಿ ಬಿಡ್ರಿ," ಎಂದಳು ದಾಕ್ಷಾಯಿಣಿ.

"ಇರ್ಲಿ ಅಂದ್ರ ಹೆಂಗವಾ. ನನ್ನ ಮಗನ ಕಣ್ಣು ನಾ ಮುಚ್ಚಿಟ್ಟಂಗಾತು." ಅವಳು ಹರಿವಾಣದ ಅಂಚನ್ನು ಬೆರಳಿನಿಂದ ಸವರುತ್ತ ಮಕಬೂಲಸಾಬನ ಕಡೆ ನೋಡಿದಳು. "ನಾ ಏನೂ ಬೇಡಿಕೊಂಡಿಲ್ಲ ತಮ್ಮಾ. ಹೆಂಗ ಬೇಡ್ಕೊಳ್ಳಿ? ಲಗೂ ಫೋನ್ ಬರ್ಲಿ ಅಂತ ಬೇಡ್ಕೊಂಡ್ರ, ಲಗೂ ಯಾರರೇ ಸಾಯ್ಲಿ ಅಂದಂಗ ಆಗತೈತಿ. ಅವರಿಗೂ ಅವ್ವ ಇರತಾಳ. ಬಾಯಿ ಬಿಟ್ಟು ಕೇಳಾಕ ಆಗಲಿಲ್ಲ, ಅದಕ್ಕ ಫೋನು ತಂದು ಅವನ ಮುಂದ ಇಟ್ಟೆ. ನಿನಗ ತಿಳದಂಗ ಮಾಡು ಅಂದು ಸುಮ್ಮಾದೆ."

ಮಕಬೂಲಸಾಬ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕುಳಿತ. "ನೀವು ಇಟ್ಟದ್ದು ಅವನಿಗೆ ಮುಟ್ಟೇತ್ರಿ ಎವ್ವಾ. ಅವನಿಗೆ ಟಾವರ್ ಬೇಕಾಗಂಗಿಲ್ಲ. ಹುಬ್ಬಳ್ಳಿ ಸಿಸ್ಟರ್‌ಗೆ ಬೇಕು. ಆಕಿ ಸಲುವಾಗಿ ಹೊರಗ ಇಡೂಣು."

ಚನ್ನಬಸವ್ವ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಫೋನಿನ ಮೇಲಿದ್ದ ಹೂವನ್ನು ತೆಗೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ತಾನೇ ಅದನ್ನು ಎತ್ತಿಕೊಂಡು ಹೊರಬಂದಳು.

ಪಡಸಾಲೆಯ ಬೀದಿಕಡೆಯ ಕಿಟಕಿಯಲ್ಲಿ ಎಂಬತ್ತೆಂಟು ಬಂತು. ಚನ್ನಬಸವ್ವ ಕಟ್ಟಿಗೆಯ ಹಲಗೆಯನ್ನು ಸೆರಗಿನಿಂದ ಒರೆಸಿ, ಒಂದು ಕುಬಸದ ಖಣ ಮಡಿಸಿ ಹಾಸಿ, ಅದರ ಮೇಲೆ ಫೋನು ಇಟ್ಟಳು. ಮಕಬೂಲಸಾಬ ಬೀದಿಗಿಳಿದು ಬೇವಿನ ಗಿಡದವರೆಗೆ ಹೋಗಿ ಮಾಡಿದ. ಫೋನು ಕಿಟಕಿಯ ಹಲಗೆಯನ್ನೆಲ್ಲ ನಡುಗಿಸುತ್ತ ಬಡಕೊಂಡಿತು. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು.

"ಹಲೋ, ಯಾರ್ರಿ ಅದು?" ಎಂದ ಗುರುಪಾದ, ಎತ್ತಿಕೊಂಡು.

"ಬಾಡಿಗಿಗೆ ಮನಿ ಕೇಳಾಕ ಮಾಡೀನ್ರಿ," ಎಂದಿತು ಬೇವಿನ ಗಿಡದ ಕಡೆಯ ದನಿ.

ದಾಕ್ಷಾಯಿಣಿ ಸೋಮವಾರದಿಂದ ಮೊದಲ ಸಲ ನಕ್ಕಳು. ನಗುತ್ತಲೇ ಕಣ್ಣು ತುಂಬಿಬಂದು ಚಹಾ ಇಡುವ ನೆಪದಲ್ಲಿ ಒಳಗೆ ಹೋದಳು. ಹೊರಗೆ ಮಕಬೂಲಸಾಬ ಚನ್ನಬಸವ್ವನಿಗೆ ಫೋನು ಎತ್ತುವುದನ್ನು ಕಲಿಸುತ್ತಿದ್ದ. "ಒತ್ತಬ್ಯಾಡ್ರಿ. ಈ ಹಸರ ಗುಂಡಿ ಮ್ಯಾಲ ಬಟ್ಟಿಟ್ಟು ಹಿಂಗ ಅಡ್ಡ ಎಳೀರಿ. ಹಣಿಗೆ ಈಬತ್ತಿ ಎಳದಂಗ."

"ಮೂರೂ ಬಟ್ಟಿಲೇನು?"

"ಒಂದ ಸಾಕ್ರಿ."

ಅವನು ಹೋದ ಮೇಲೆ ದಾಕ್ಷಾಯಿಣಿ ಗಂಡನ ಕೈಗೆ ಚಹಾದ ಬಸಿ ಕೊಟ್ಟು ಪಕ್ಕದಲ್ಲಿ ಕುಳಿತಳು. "ನಂದೂ ಸೈಲೆಂಟ್ ಇತ್ರಿ ಅವತ್ತ," ಎಂದಳು. "ಮೂರು ಸಲ ಮಾಡ್ಯಾರ."

"ಗೊತ್ತೈತಿ. ಮರುದಿನ ನಾ ಕಟ್ಟಿ ಮ್ಯಾಲಿಂದ ಮಾಡಿದಾಗ ಸಿಸ್ಟರ್ ಹೇಳಿದ್ಲು."

"ಮತ್ತ ಏನೂ ಅನ್ನಲಿಲ್ಲ ನೀವು?"

ಗುರುಪಾದ ಬಸಿಯನ್ನು ಊದಿದ. "ಏನಂತ ಅನ್ಲಿ? ಗದಗಿನಾಂವ ಒಬ್ಬಾಂವ ಇವತ್ತ ತನ್ನ ಹೆಂಡ್ತಿ ಮಾರಿ ನೋಡಾಕತ್ತಿರತಾನ. ನೋಡ್ಲಿ ಬಿಡು. ನಿನ್ನ ಮಾರಿ ಎಲ್ಲಿ ಓಡಿ ಹೋಗತೈತಿ."

ಅವಳು ಅವನ ತೋಳಿಗೆ ಮೆಲ್ಲಗೆ ಗುದ್ದಿದಳು.

ಮತ್ತೆ ಫೋನು ಬಂದದ್ದು ಹತ್ತೊಂಬತ್ತು ದಿನಗಳ ಮೇಲೆ, ಗುರುವಾರ ಮುಂಜಾನೆ ಒಂಬತ್ತೂವರೆಗೆ. ದಾಕ್ಷಾಯಿಣಿ ಅಂಗನವಾಡಿಗೆ ಹೋಗಿದ್ದಳು, ಗುರುಪಾದ ಹಿತ್ತಲಲ್ಲಿ ಮೀಯುತ್ತಿದ್ದ. ಚನ್ನಬಸವ್ವ ಒದ್ದೆ ಕೈಯಲ್ಲಿ ಎಳೆದಳು, ಬೆರಳು ಜಾರಿತು. ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಎಳೆದಳು.

"ಗುರುಪಾದ ಅವರ ಮನೀರೇನು? ನಾ ಸುಜಾತಾ, ಕಣ್ಣಿನ ದವಾಖಾನಿಯಿಂದ. ಒಂದು ಕಣ್ಣು ಬಂದೈತ್ರಿ. ಹನ್ನೆರಡೂವರಿ ಒಳಗ ಕರಕೊಂಡು ಬರ್ರಿ. ಹೊಟ್ಟಿಗೆ ಏನೂ ಕೊಡಬ್ಯಾಡ್ರಿ."

"ಬರತಾರವಾ, ಈಗ ಹೊಂಡಸ್ತೇನಿ," ಎಂದಳು ಚನ್ನಬಸವ್ವ. ನಂತರ, ಆ ಕಡೆಯವಳು ಇಟ್ಟುಬಿಟ್ಟಾಳೆಂದು ಅವಸರದಲ್ಲಿ, "ಯವ್ವಾ, ಯಾರು ತೀರಿಕೊಂಡಾವ್ರು?"

"ನಾವು ಹೇಳೂವಂಗಿಲ್ರಿ ಅಮ್ಮಾರ. ಹೆಸರು ಹೇಳೂವಂಗಿಲ್ಲ."

"ಸಣ್ಣವರೋ, ದೊಡ್ಡವರೋ?"

"ಅಮ್ಮಾರ, ಲಗೂನ ಹೊಂಡಸ್ರಿ," ಎಂದಳು ಸುಜಾತಾ, ಮೆಲ್ಲಗೆ.

ಹತ್ತು ಗಂಟೆಗೆ ಎರಡೂ ಫೋನು ಹಿಡಿದುಕೊಂಡು ಓಣಿಯ ನೀಲಕಂಠಪ್ಪನ ಜೀಪಿನಲ್ಲಿ ಗಂಡಹೆಂಡತಿ ಹೊರಟರು. ಮಕಬೂಲಸಾಬ ಅಂಗಡಿಯಿಂದ ಇಳಿದು ಬಂದು, ದಾಕ್ಷಾಯಿಣಿಯ ಫೋನು ತೆಗೆಸಿ ಸೈಲೆಂಟ್ ಇಲ್ಲವೆಂದು ನೋಡಿ ಕೊಟ್ಟ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಚನ್ನಬಸವ್ವ ಕಟ್ಟೆಯ ಮೇಲೆ ನಿಂತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಮಕಬೂಲಸಾಬನ ಹೆಂಡತಿ ಇಮಾಮಬಿ ಫೋನು ಹಿಡಿದುಕೊಂಡು ಬಂದಳು. "ದಾಕ್ಷಾಯಿಣಕ್ಕ ಮಾತಾಡಾಕತ್ತಾಳ, ತಗೋರಿ."

"ಅತ್ತಿ, ಮುಗೀತ್ರಿ," ಎಂದಿತು ಫೋನು. ದನಿ ಒಂದಿಷ್ಟೂ ಹರಿಯದೆ, ಬಾಜೂಕ ಕುಳಿತಂತೆ ಕೇಳಿಸಿತು. "ಛಲೋ ಕುಂತೈತಿ ಅಂದ್ರು ಡಾಕ್ಟರು. ನಾಳಿ ಪಟ್ಟಿ ಬಿಚ್ಚತಾರ. ಸಾವಕಾಶ ಕಾಣಸ್ತೈತಂತ, ಆದ್ರ ಕಾಣಸ್ತೈತಂತ. ತಗೋರಿ, ನಿಮ್ಮ ಮಗ."

"ಎವ್ವಾ, ಉಂಡಿ ಏನು?" ಎಂದ ಗುರುಪಾದ.

"ನಂದಿರ್ಲಿ. ನಿನಗ ನೋಯಾಕತ್ತೈತೇನು?"

"ಇಲ್ಲಬೇ. ಇರಿವಿ ಕಡದಂಗ ಆಗತೈತಿ, ಅಷ್ಟ."

ಚನ್ನಬಸವ್ವ ಫೋನನ್ನು ಎರಡೂ ಕೈಯಲ್ಲಿ ಇಮಾಮಬಿಗೆ ಮರಳಿಸಿ, ಗೋಡೆಗೆ ಒರಗಿ ಕುಳಿತಳು. ಇಮಾಮಬಿ ನೀರು ತರಲೆಂದು ಅಡಿಗೆಮನೆಗೆ ಹೋದಳು. ಒಲೆ ಬೆಳಿಗ್ಗೆ ಒರೆಸಿದಂತೆಯೇ ಇತ್ತು. ರೊಟ್ಟಿಯ ಹಂಚು ಗೋಡೆಗೆ ಒರಗಿತ್ತು.

"ಯಾಕ್ರಿ ಎವ್ವಾ, ಮುಂಜಾನಿಂದ ಒಲಿ ಹಚ್ಚಿಲ್ಲ? ಇಂಥಾ ಛಲೋ ದಿನಾ ಒಂದೀಟು ಸಜ್ಜಕಾ ಮಾಡಬೇಕಿಲ್ಲೋ."

"ಇವತ್ತ ಹಚ್ಚಂಗಿಲ್ಲವಾ."

ಇಮಾಮಬಿ ನೀರಿನ ತಂಬಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. "ನಿಮ್ಮ ಪೈಕಿ ಯಾರರೇ ತೀರಿಕೊಂಡ್ರೇನ್ರಿ?"

"ಹೂಂ."

"ಯಾರ್ರಿ?"

"ಹೆಸರು ಹೇಳಂಗಿಲ್ಲಂತ," ಎಂದಳು ಚನ್ನಬಸವ್ವ.

ಬೀದಿಯ ಆಚೆ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಇಮಾಮಬಿ ತಂಬಿಗೆಯನ್ನು ಕೆಳಗಿಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವಳ ಪಕ್ಕದಲ್ಲಿ, ಗೋಡೆಗೆ ಒರಗದೆ, ಕುಳಿತಳು.